ಅಕ್ಕ ಒಯ್ದಿದ್ದ ಕಡ್ಡಿಗಳು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬಾಗಿಲಲ್ಲಿ ನಿಂತ ಭಾವನನ್ನು ಡ್ರಾಯಿಂಗ್ ಟೀಚರ್ ಕೆಮ್ಮಿನಿಂದಲೇ ಗುರುತು ಹಿಡಿದಳು. ತೀರಿಹೋದ ಅಕ್ಕ ಇವಳ ಹೆಣಿಗೆ ಕಡ್ಡಿಗಳನ್ನು ಒಯ್ದು ಇವಳಿಗೆಂದೇ ಸ್ವೆಟರ್ ಹೆಣೆಯುತ್ತಿದ್ದಳು. ಅದು ಅರ್ಧಕ್ಕೇ ನಿಂತಿತ್ತು. ಉಳಿದರ್ಧ ತಾನೇ ಹೆಣೆದು ಮುಗಿಸಬೇಕೆಂದು ಟೀಚರ್ ಅದರ ಮೇಲಿನ ಬಳ್ಳಿಯ ವಿನ್ಯಾಸವನ್ನು ಕಾಗದದಲ್ಲಿ ಬಿಡಿಸಿಟ್ಟುಕೊಂಡಿದ್ದಳು.

"ಎರವಲು ತಂದಿದ್ದನ್ನ ಹಾಗೇ ಕೊಡೋದಾ? ಅರ್ಧಂಬರ್ಧ ಹೆಣೆದಿದ್ದು ನೇತಾಡ್ತಿತ್ತು. ಕೂತು ಬಿಚ್ಚಿದೆ. ಒಂದೆಳೆನೂ ಹರೀಲಿಲ್ಲ ನೋಡಮ್ಮಾ!"

ಭಾವನ ಚೀಲದಿಂದ, ಒರೆಸಿ ಹೊಳಪು ಮಾಡಿದ ಕಡ್ಡಿಗಳೂ ಉಣ್ಣೆಯ ಉಂಡೆಯೂ ಹೊರಬಂದವು. ಎಳೆಯೆಳೆಯಲ್ಲೂ ಅಕ್ಕನ ಹೆಣಿಗೆಯ ಸುಕ್ಕು ಹಾಗೇ ಇತ್ತು. ಮೇಜಿನ ಮೇಲಿದ್ದ ಆ ಬಳ್ಳಿಯ ಚಿತ್ರವನ್ನು ಟೀಚರ್ ಮೆಲ್ಲಗೆ ಮಗುಚಿಟ್ಟಳು.

"ಒಳ್ಳೇದ್ ಮಾಡಿದ್ರಿ, ಭಾವ."

"ಸದ್ಯ, ಅವಳ ಋಣ ತೀರ್ತು," ಎಂದು ಉಸಿರುಬಿಟ್ಟು, ಭಾವ ಎರಡನ್ನೂ ಅವಳ ಕೈಗಿಟ್ಟರು.