ಇನ್ನೆರಡು ಕಿಲೋ

ಈಜುತ್ತ ಬಾವಿಯ ಆ ಬದಿಯ ಗೋಡೆ ಮುಟ್ಟಿ ತಿರುಗಿದ ಪರಸವ್ವನಿಗೆ ಈ ಬದಿಯ ಮೆಟ್ಟಿಲ ಮೇಲೆ ಅಣ್ಣ ಗುರಲಿಂಗಪ್ಪ ಕುಳಿತಿದ್ದು ಕಂಡಿತು. ಅವನು ಈ ಹೊತ್ತಿಗೆ ವಿಜಯಪುರದ ದವಾಖಾನೆಯಲ್ಲಿ ಡಯಾಲಿಸಿಸ್‌ಗೆ ಮಲಗಿರಬೇಕಿತ್ತು. ಎರಡೂ ಕಿಡ್ನಿ ಕೈಕೊಟ್ಟ ಮನುಷ್ಯ ಬಸ್ಸಿನಲ್ಲಿ ಕುಲುಕಾಡುತ್ತ ತಂಗಿಯ ಊರು ಕಾಖಂಡಕಿಯವರೆಗೆ ಬಂದಿದ್ದ. ಊದಿದ ಕಾಲುಗಳ ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು.

"ಇವತ್ತ ದವಾಖಾನಿಗೆ ಹೋಗಲಿಲ್ಲೇನು, ಅಣ್ಣಾ?"

"ನಾಳೆ ಹೋದ್ರಾತು. ತವರಿನ ಪಂಚಮಿ ಉಂಡಿ ತಂದೀನಿ. ನಾ ಇರೂತನಕ ಇದು ತಪ್ಪಬಾರದು."

ಗಂಡನ ಹಳೆಯ ಅಂಗಿ ತೊಟ್ಟು, ಸೀರೆಯ ಕಚ್ಚೆ ಬಿಗಿದು ಪರಸವ್ವ ಬಾವಿಗೆ ಇಳಿಯಲು ಶುರುಮಾಡಿದ್ದು ಬೇಸಿಗೆಯಲ್ಲಿ. ಎಮ್ಮೆ ಹೊಂಡಕ್ಕೆ ಇಳಿಯಿತು ಎಂದು ಊರ ಹೆಂಗಸರು ನಕ್ಕಿದ್ದರು. ನಗಲಿ. ಅವಳ ಒಂದು ಕಿಡ್ನಿ ಅಣ್ಣನಿಗೆ ಹೊಂದುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಇಷ್ಟು ಭಾರದ ಮೈಗೆ ಆಪರೇಷನ್ ಮಾಡುವುದಿಲ್ಲ, ಮೊದಲು ತೂಕ ಇಳಿಸಬೇಕು ಎಂದಿದ್ದರು. ಅವಳ ಮೊಣಕಾಲು ನೋವಿನಲ್ಲಿ ನಡೆಯುವುದು ಆಗದ ಮಾತು, ಈಜು ಬರುತ್ತದೆಯೇ ಎಂದೂ ಕೇಳಿದ್ದರು. ಅವರ ಮನಸ್ಸಿನಲ್ಲಿ ಇದ್ದದ್ದು ಶಹರದ ಈಜುಕೊಳ. ಪರಸವ್ವನಿಗೆ ನೆನಪಾದದ್ದು ನಿಡೋಣಿಯ ತವರಿನ ಬಾವಿ. ಅಲ್ಲಿ ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಒಣ ಸೋರೆಬುರುಡೆ ಬಿಗಿದು, ಹೆದರಬೇಡ ನಾನಿದ್ದೇನೆ ಎಂದು ನೀರಿಗೆ ದೂಡಿ ಈಜು ಕಲಿಸಿದವನು ಇದೇ ಅಣ್ಣ.

ಈಗ ಇನ್ನೆರಡು ಕಿಲೋ ಇಳಿದರೆ ಸಾಕಿತ್ತು. ಆದರೆ ಅಣ್ಣನಿಗೆ ಇದಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಪರಸವ್ವನ ಗಂಡನಿಗೆ ಮತ್ತು ಅಣ್ಣನ ಹೆಂಡತಿ ನಂದಾಳಿಗೆ ಮಾತ್ರ. ಹಿಂದೊಮ್ಮೆ ಈ ಮಾತು ತೆಗೆದಾಗ, ತಂಗಿಗೆ ಕೊಡಬೇಕೇ ಹೊರತು ತಂಗಿಯಿಂದ ಇಸಿದುಕೊಂಡು ಬದುಕಬಾರದು, ಅಂಥ ಜೀವ ತನಗೆ ಬೇಡ ಎಂದು ಗುರಲಿಂಗಪ್ಪ ಊಟದ ತಾಟು ಬಿಟ್ಟು ಎದ್ದಿದ್ದ. ಅಂಥ ಹಟಮಾರಿ. ಎಲ್ಲ ತಯಾರಾದ ಮೇಲೆ ಹಿರಿಯರನ್ನು ಕೂಡಿಸಿ ಒಪ್ಪಿಸೋಣ, ಅಲ್ಲಿಯವರೆಗೆ ಬಾಯಿ ಬಿಡುವುದು ಬೇಡ ಎಂದು ಹೆಂಗಸರಿಬ್ಬರೂ ಮಾತಾಡಿಕೊಂಡಿದ್ದರು.

ಗುರಲಿಂಗಪ್ಪ ತಂಗಿಯ ಕೊರಳಿನ ಎಲುಬನ್ನೇ ನೋಡುತ್ತಿದ್ದ. ಅವನಿರುವ ಶಹರಕ್ಕೆ ಬಂದಿದ್ದ ಕಾಖಂಡಕಿಯವರೊಬ್ಬರು, ನಿನ್ನ ತಂಗಿ ಅರ್ಧ ಆಗಿದ್ದಾಳೆ ಎಂದಿದ್ದರಂತೆ. ಅಂದಿನಿಂದ ಅವನಿಗೆ ತುತ್ತು ಇಳಿದಿರಲಿಲ್ಲ.

"ನನ್ನ ಚಿಂತ್ಯಾಗ ಸೊರಗಾಕತ್ತೀದಿ, ನಂಗ ಗೊತ್ತೈತಿ," ಎಂದ. "ನೀ ಹಿಂಗಾದ್ರ ನಾ ಹೆಂಗ ನೆಮ್ಮದೀಲೆ ಸಾಯಲಿ? ಒಂದು ಉಂಡಿ ನನ್ನ ಮುಂದ ತಿನ್ನು."

ನಿಜ ಪರಸವ್ವನ ನಾಲಿಗೆಯ ತುದಿಗೆ ಬಂದು ನಿಂತಿತು. ಇನ್ನೆರಡೇ ಕಿಲೋ, ಈಗ ಹೇಳಿ ಕೆಡಿಸುವುದು ಬೇಡ ಎಂದು ನುಂಗಿಕೊಂಡಳು. ಶೇಂಗಾ, ಬೆಲ್ಲ, ತುಪ್ಪದ ಉಂಡೆ. ಒಂದು ತಿಂದರೂ ಆ ದಿನದ ಈಜು ವ್ಯರ್ಥ.

"ಇವತ್ತ ನಾಗಚೌತಿ, ಉಪಾಸ ಐತಿ. ನಾಳೆ ತಿಂತೀನಿ, ಅಣ್ಣಾ."

"ಎಲ್ಲಾ ತಿನ್ನಬೇಕು. ಆಣಿ ಮಾಡು."

ಒದ್ದೆ ಕೈಯನ್ನು ಅವನ ಅಂಗೈಯ ಮೇಲಿಟ್ಟು ಪರಸವ್ವ ಆಣೆ ಮಾಡಿದಳು. ಆ ತಂಪಿಗೆ ಅವನಿಗೆ ತನ್ನ ನೀರಡಿಕೆ ನೆನಪಾಯಿತೇನೋ. ದಿನಕ್ಕೆ ಇಷ್ಟೇ ಎಂದು ಅಳೆದು ಕುಡಿಯಬೇಕಾದವನು ಬಾವಿಗೆ ಬಗ್ಗಿ, ಅವಳು ತಡೆಯುವಷ್ಟರಲ್ಲಿ ಒಂದು ಬೊಗಸೆ ಕುಡಿದ. ಮತ್ತೂ ಒಂದು ಬೊಗಸೆ ಕುಡಿದ. ಎಷ್ಟೋ ದಿನಗಳ ಮೇಲೆ ಅವನ ಮುಖ ತಿಳಿಯಾಗಿತ್ತು, ಅದನ್ನು ನೋಡಿ ಅವಳಿಗೆ ಬೈಯಲು ಮನಸ್ಸಾಗಲಿಲ್ಲ. ಬೆಳಗಾದೊಡನೆ ದವಾಖಾನೆಗೆ ಹೋಗು ಎಂದು ಸಾರಿ ಹೇಳಿ ಸಂಜೆಯ ಬಸ್ಸು ಹತ್ತಿಸಿದಳು. ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. ಆಪರೇಷನ್ ಮುಗಿದ ಮೇಲೆ ಅಣ್ಣನ ಎದುರಿಗೇ ಕುಳಿತು ತಿನ್ನಬೇಕು ಎಂಬ ಆಸೆ ಇತ್ತು.

ಪಂಚಮಿಯ ಬೆಳಗ್ಗೆ ಗುರಲಿಂಗಪ್ಪನಿಗೆ ಉಸಿರು ಕಟ್ಟಿತು. ಮೈಯಲ್ಲಿ ನೀರು ತುಂಬಿಕೊಂಡಿತ್ತು. ಆಟೋ ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿಯಿತು.

ಅಣ್ಣನ ಮಣ್ಣಿಗೆ ಬಂದ ಹೆಂಗಸರು ಪರಸವ್ವನನ್ನು ತಬ್ಬಿಕೊಂಡು ಅತ್ತರು. ಅಣ್ಣನ ಹಂಬಲದಲ್ಲಿ ಕಡ್ಡಿಯಾಗಿದ್ದಾಳೆ, ತಂಗಿ ಅಂದರೆ ಹೀಗಿರಬೇಕು ಎಂದರು. ಪರಸವ್ವ ಮತ್ತು ನಂದಾ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೇಳಿದ್ದರೆ ಅವನು ಬೈಯುತ್ತಿದ್ದ, ತಾಟು ಬಿಟ್ಟು ಏಳುತ್ತಿದ್ದ. ಆದರೆ ತಂಗಿ ಸೊರಗಿದಳೆಂದು ದವಾಖಾನೆ ಬಿಟ್ಟು ಬಸ್ಸು ಹತ್ತುತ್ತಿರಲಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ದಿನಕರ್ಮ ಮುಗಿಸಿ ಊರಿಗೆ ಮರಳಿದ ಪರಸವ್ವ ಅಟ್ಟದ ಮೇಲಿನ ಡಬ್ಬಿ ಇಳಿಸಿಕೊಂಡು ಬಾವಿಗೆ ಹೋದಳು. ಅಣ್ಣ ಕುಳಿತಿದ್ದ ಮೆಟ್ಟಿಲ ಮೇಲೆಯೇ ಕುಳಿತು, ಕಾಲನ್ನು ನೀರಿಗೆ ಬಿಟ್ಟು, ಒಂದಾದ ಮೇಲೊಂದು ಉಂಡೆ ತಿನ್ನತೊಡಗಿದಳು. ಗಂಟಲಿಗೆ ಹತ್ತಿದಾಗ ಬೊಗಸೆಯಲ್ಲಿ ನೀರು ಕುಡಿದಳು. ಹಿಂದೆ ಎಲ್ಲರಿಗಿಂತ ಮೊದಲು ಎಮ್ಮೆ ಎಂದು ನಕ್ಕಿದ್ದ ಹನಮವ್ವ ಒಗೆಯುವ ಅರಿವೆಯ ಗಂಟು ಹೊತ್ತು ಬಂದವಳು, ಇವತ್ತು ಈಜುವುದಿಲ್ಲವೇ ಎಂದು ಮೆಲ್ಲಗೆ ಕೇಳಿದಳು.

ಪರಸವ್ವ ಬಾಯೊಳಗಿನದನ್ನು ನುಂಗಿದಳು.

"ಇಲ್ಲವ್ವಾ. ಅಣ್ಣಗ ಆಣಿ ಮಾಡೀನಿ, ಮೊದಲ ಇವನ್ನ ತಿಂದು ಮುಗಸಬೇಕು."