ಬೋಲ್ಟ್ ಒಳಗೇ ಇತ್ತು

ಬಂದೂಕಿನ ನಳಿಗೆಯ ಬಾಯಿಗೆ ಕಣ್ಣು ಹಚ್ಚಲು ಹೋದ ವರ್ನಾ ಅಲ್ಲೇ ತಡೆದು ನಿಂತಳು. ಒಳಗೆ ಕತ್ತಲೆ. ಗಂಡ ಹೋಬರ್ಟ್ ಯಾವಾಗಲೂ ಬಂದೂಕು ಒರೆಸಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಕಳಚಿ ಮೇಜಿನ ಮೇಲಿಟ್ಟೇ ಅವಳ ಕೈಗೆ ಕೊಡುತ್ತಿದ್ದ. ಅವನ ಕಣ್ಣು ಮಂಜಾದಾಗಿನಿಂದ ನಳಿಗೆಯಲ್ಲಿ ಮಸಿ ಉಳಿದಿದೆಯೇ ಎಂದು ನೋಡುವುದು ಅವಳ ಕೆಲಸ. ಇವತ್ತು ಬೋಲ್ಟ್ ಒಳಗೇ ಇತ್ತು.

"ನೋಡ್ತೀಯೋ, ಮುತ್ತು ಕೊಡ್ತೀಯೋ ಮುದುಕಿ?" ಹೋಬರ್ಟ್ ಎಣ್ಣೆ ಬಟ್ಟೆಗೆ ಕೈ ಒರೆಸುತ್ತ ನಕ್ಕ. "ಗಿರವಿ ಅಂಗಡಿಯ ಅಗ್ಗದ ಮಾಲು ಅಂತ ನಿಮ್ಮಣ್ಣ ಆಡ್ಕೋತಿದ್ದ. ನಾಳೆ ಜಿಂಕೆ ಬೀಳೋದು ಇದಕ್ಕೇ."

ವರ್ನಾ ಬಂದೂಕಿನ ಮೂತಿಯನ್ನು ಗೋಡೆಗೆ ತಿರುಗಿಸಿ ಬೋಲ್ಟ್ ಎಳೆದಳು. ಹಿತ್ತಾಳೆಯ ತೋಟಾವೊಂದು ಚಿಮ್ಮಿ, ಉರುಳಿ, ಮೆಕ್ಕೆಜೋಳದ ರೊಟ್ಟಿಯ ತಟ್ಟೆಗೆ ತಾಗಿ ನಿಂತಿತು.

"ಅದ್ಯಾರದು?" ಎಂದ ಹೋಬರ್ಟ್. ಆ ಕೆಂಟಕಿ ಗುಡ್ಡದ ಹುಡುಗರಿಗೆಲ್ಲ ಬಂದೂಕು ಹಿಡಿಯಲು ಕಲಿಸಿದವನು ಅವನೇ. ಬೋಲ್ಟ್ ತೆರೆಯದೆ ಬಂದೂಕು ಚಾಚಿದವರನ್ನು ಬೈದು ಮನೆಗೆ ಅಟ್ಟುತ್ತಿದ್ದವನೂ ಅವನೇ.

ವರ್ನಾ ಬೋಲ್ಟನ್ನು ಕಳಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. "ನಾಳೆ ಬೇಟೆ ಬೇಡ."

ರೇಗುತ್ತಾನೆಂದುಕೊಂಡಳು. ಅವನು ತೋಟಾವನ್ನೇ ನೋಡುತ್ತಿದ್ದ. ಆಮೇಲೆ, ಚರ್ಚಿಗೆ ಹೋಗುವಾಗಲೂ ಬಿಚ್ಚದಿದ್ದ ಸೊಂಟದ ಪಿಸ್ತೂಲನ್ನು ಮೆಲ್ಲಗೆ ತೆಗೆದ. ಹಿಡಿ ಅವಳ ಕಡೆಗೆ, ಮೂತಿ ತನ್ನ ಕಡೆಗೆ ಇರುವಂತೆ ಮೇಜಿನ ಮೇಲೆ ಸರಿಸಿದ.

"ಇದನ್ನೂ ನೋಡು. ಗುಂಡು ತುಂಬಿದ್ದೀನೋ ಇಲ್ವೋ, ನಂಗೆ ನೆನಪಾಗ್ತಿಲ್ಲ."