ಮೊರಕ್ಕೆ ಮೆತ್ತಿದ ಅರ್ಜಿ

ಪಿಳ್ಳಮ್ಮ ಬೆಳಿಗ್ಗೆ ಅಂಗಳದಲ್ಲಿ ಕೂತು, ನೆನೆಸಿದ ಹಳೆಯ ಕಾಗದವನ್ನು ಮೆಂತ್ಯದ ಜೊತೆ ರುಬ್ಬಿ ಹೊಸ ಮೊರದ ಸಂದುಗಳಿಗೆ ಮೆತ್ತುತ್ತಿರುವಾಗ ಮಗ ಆವಲಪ್ಪ ಒಳಗಿಂದ ಬಂದು ಎದುರಿಗೆ ನಿಂತ. “ಅವ್ವಾ, ಸೂರಲ್ಲಿ ಸಿಕ್ಕಿಸಿದ್ದ ಅರ್ಜಿ ಕಂಡ್ಯಾ? ಬೆಂಗಳೂರಿನ ಕಾಮರ್ಸ್ ಕಾಲೇಜಿಂದು. ನಾಳೆನೇ ಕೊನೆ ದಿನ.”

“ಇಲಿ ಎಳ್ಕೊಂಡು ಹೋಗಿರ್ಬೇಕು ಕಣಪ್ಪಾ,” ಎಂದಳು. ತಲೆ ಎತ್ತಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ವರ್ಷ ದೇವನಹಳ್ಳಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದಾಗಿನಿಂದ, ಯಾವಾಗ ಅರ್ಜಿ ಹಾಕಲಿ ಎಂದು ಅವನು ಅವಳನ್ನೇ ಕೇಳುತ್ತಿದ್ದ. ಮೊದಲು ತಂಗಿಯ ಮದುವೆಯಾಗಲಿ ಎಂದಳು. ಮರುವರ್ಷ ಅಪ್ಪನ ಕಾಲುನೋವು ವಾಸಿಯಾಗಲಿ ಎಂದಳು. ಈ ಸಲ ಹೇಳುವುದಕ್ಕೆ ನೆವವೇ ಉಳಿದಿರಲಿಲ್ಲ. ಅವನು ಪೆನ್ಸಿಲಿನಲ್ಲಿ ತುಂಬಿ, ಸಾಲುಸಾಲಾಗಿ ಅವಳಿಗೆ ಓದಿ ಹೇಳಿದ್ದ ಅರ್ಜಿಯನ್ನು ಅವಳು ಮಿಕ್ಕ ಕಾಗದಗಳ ಜೊತೆ ನೀರಿಗೆ ಹಾಕಿದ್ದಳು.

ಆವಲಪ್ಪನ ಕಣ್ಣು ಮೊರದ ಮೇಲೆ ನಿಂತಿತು. ಅಂಚಿನಲ್ಲಿ ಅವನ ಪೆನ್ಸಿಲ್ ಅಕ್ಷರವಿದ್ದ, ನುಣ್ಣಗಾಗದ ಒಂದು ಚೂರು ಅಂಟಿಕೊಂಡಿತ್ತು. ಓದು ಬಾರದ ಪಿಳ್ಳಮ್ಮನಿಗೆ ಅದೂ ಬರೀ ಕಾಗದವೇ. ಮಗ ಬಗ್ಗಿ ಅದನ್ನು ಓದುತ್ತಿದ್ದಾನೆಂದು ತಿಳಿದಾಗ ಗಬಕ್ಕನೆ ಅದರ ಮೇಲೆ ಅಂಗೈ ಇಟ್ಟಳು. ಇಟ್ಟ ಮೇಲೆ ತೆಗೆಯಲೂ ಆಗಲಿಲ್ಲ, ಅವನ ಮುಖ ನೋಡಲೂ ಆಗಲಿಲ್ಲ.

ಅವನು ಕೂಗಾಡಲಿಲ್ಲ. ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

“ಯಾವಾಗ, ಯಾವಾಗ ಅಂತ ಎರಡು ವರ್ಷದಿಂದ ಕೇಳ್ತಾ ಬಂದೆ,” ಎಂದ ಮೆಲ್ಲಗೆ. “ನಾನು ಓದೋಕೆ ಹೋಗೋದೇ ನಿಂಗೆ ಬೇಡ್ವಾ ಅವ್ವಾ?”